ವಾಟ್ಸ್ ಆಮೇಲೆ, ಮೊದ್ಲು ರೂಮ್ ನೋಡಿ: ಮನೆಗೆ ಹೆಡ್‌ಫೋನ್, ಸ್ಪೀಕರ್ ಆರಿಸೋದು ಹೇಗೆ

ಯಾವ ಕಂಪನಿ ಒಳ್ಳೇದು, ಎಷ್ಟು ವಾಟ್ಸ್ ಇರ್ಬೇಕು? ಹೆಡ್‌ಫೋನೋ ಸ್ಪೀಕರೋ ತಗೊಳ್ಳೋಕೆ ಹೊರಟವ್ರು ಮೊದ್ಲು ಕೇಳೋದು ಇವೆರಡನ್ನೇ. ನನ್ ಪ್ರಕಾರ ಇವೆರಡೂ ಕೊನೇಲಿ ಬರ್ಬೇಕಾದ ಪ್ರಶ್ನೆಗಳು. ನೀವು ಎಲ್ಲಿ ಕೂತು ಕೇಳ್ತೀರ, ಎಷ್ಟು ದೂರದಿಂದ ಕೇಳ್ತೀರ, ಆ ಹೊತ್ತಲ್ಲಿ ಮನೇಲಿ ಉಳಿದವ್ರು ಏನ್ ಮಾಡ್ತಿರ್ತಾರೆ, ಕೇಳೋದು ಯಾವ ಥರದ ಸಂಗೀತ, ಇಷ್ಟು ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಯಾಕಂದ್ರೆ ಇವತ್ತು ಆಂಪ್ಲಿಫಯರ್, ಡಿಎಸಿ (ಡಿಜಿಟಲ್ ಹಾಡನ್ನ ಸ್ಪೀಕರಿಗೆ ಬೇಕಾದ ಸಿಗ್ನಲ್ ಮಾಡೋ ಚಿಪ್) ಇವೆಲ್ಲಾ ಕಡಿಮೆ ರೇಟಿಗೇ ಎಷ್ಟು ಚೆನ್ನಾಗಿ ಸಿಗ್ತಿವೆ ಅಂದ್ರೆ ಅಗ್ಗದ್ದಕ್ಕೂ ದುಬಾರಿದಕ್ಕೂ ಇರೋ ವ್ಯತ್ಯಾಸ ಕಿವಿಗೆ ಸಿಗೋದೇ ಕಷ್ಟ, ನಿಜವಾದ ವ್ಯತ್ಯಾಸ ಇರೋದು ಗಾಳಿ ಅಲುಗಾಡೋ ಜಾಗದಲ್ಲಿ, ಅಂದ್ರೆ ಸ್ಪೀಕರಿನ ಕೋನ್, ಹೆಡ್‌ಫೋನಿನೊಳಗೆ ಸೌಂಡ್ ಹುಟ್ಟಿಸೋ ಡ್ರೈವರ್, ಮತ್ತೆ ಆ ಸೌಂಡು ಹೋಗಿ ಬಡಿಯೋ ಗೋಡೆಗಳು. ದುಡ್ಡು, ಯೋಚನೆ ಎರಡೂ ಅಲ್ಲಿಗೆ ಹೋಗ್ಬೇಕು.

ವಾಟ್ಸ್ ವಿಷ್ಯ ಮೊದ್ಲೇ ಮುಗಿಸಿಬಿಡ್ತೀನಿ, ಅಂಗಡೀಲಿ ಅತಿ ಹೆಚ್ಚು ದಾರಿ ತಪ್ಪಿಸೋದು ಅದೇ. ಡಬ್ಬದ ಮೇಲೆ ದೊಡ್ಡದಾಗಿ 5000 ವಾಟ್ಸ್ ಪಿಎಂಪಿಒ (ಒಂದು ಕ್ಷಣಕ್ಕೆ ಬರೋ ಗರಿಷ್ಠ ಶಕ್ತಿ ಅನ್ನೋ ಲೆಕ್ಕ) ಅಂತ ಬರ್ದಿರತ್ತೆ. ಪಿಎಂಪಿಒನ ಅಳೆಯೋಕೆ ಎಲ್ರೂ ಒಪ್ಪಿದ ಒಂದು ವಿಧಾನ ಅಂತ ಇಲ್ವೇ ಇಲ್ಲ, ಹಾಗಾಗಿ ಆ ನಂಬರ್ ನೋಡಿ ಏನೂ ನಿರ್ಧಾರ ಮಾಡೋಕಾಗಲ್ಲ. ನೋಡ್ಬೇಕಾದ್ದು ಆರ್‌ಎಂಎಸ್ ವಾಟ್ಸ್, ಅಂದ್ರೆ ಬಿಡದೆ ಕೊಡೋಕಾಗೋ ಶಕ್ತಿ, ಅದೂ ಎಷ್ಟು ಓಮ್ (ಕರೆಂಟಿಗೆ ಒಡ್ಡೋ ತಡೆ) ಸ್ಪೀಕರಿಗೆ, ಎಷ್ಟು ಪರ್ಸೆಂಟ್ ಡಿಸ್ಟಾರ್ಷನ್ (ಸೌಂಡ್ ಕೆಡೋದು) ಇದ್ದಾಗ ಅಂತ ಪಕ್ಕದಲ್ಲೇ ಹೇಳಿರ್ಬೇಕು. 1 ಪರ್ಸೆಂಟ್ ಅಥವಾ ಅದಕ್ಕಿಂತ ಕಡಿಮೆ ಅಂತಿದ್ರೆ ಸರಿ, 10 ಪರ್ಸೆಂಟ್ ಅಂತಿದ್ರೆ ಅದು ಸೌಂಡ್ ಒಡೆಯೋಕೆ ಶುರುವಾದ್ಮೇಲಿನ ಲೆಕ್ಕ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಆಂಪ್ಲಿಫಯರ್ ಬೋರ್ಡ್ ಹುಡುಕ್ಕೊಂಡು ಓಡಾಡಿದವ್ರಿಗೆ 4440 ಐಸಿ (ಆಂಪ್ಲಿಫಯರ್ ಚಿಪ್) ಗೊತ್ತೇ ಇರತ್ತೆ, ಸ್ಯಾನ್ಯೋದವರ ಎಲ್‌ಎ4440. ಅದರ ಡೇಟಾಶೀಟ್ ತೆಗೆದು ನೋಡಿದ್ರೆ ಸ್ಟೀರಿಯೋದಲ್ಲಿ ಒಂದೊಂದು ಚಾನೆಲ್ಲಿಗೆ 6 ವಾಟ್ಸ್, ಎರಡೂ ಸೇರಿಸಿ ಬ್ರಿಡ್ಜ್ ಮಾಡಿದ್ರೆ 19 ವಾಟ್ಸ್, ಅಷ್ಟೇ. ಆ ಆರು ವಾಟ್ಸ್ ಇಟ್ಕೊಂಡೇ ಎಷ್ಟೋ ಮನೆಗಳಲ್ಲಿ ಪಕ್ಕದ ಮನೆಗೂ ಕೇಳೋ ಹಾಗೆ ಹಾಡು ಹಾಕಿದಾರೆ.

ಅದು ಹೇಗೆ ಸಾಕಾಗತ್ತೆ ಅನ್ನೋದಕ್ಕೆ ಸ್ಪೀಕರಿನ ಸೆನ್ಸಿಟಿವಿಟಿ ನೋಡ್ಬೇಕು. ಒಂದು ವಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರತ್ತೆ ಅನ್ನೋ ನಂಬರ್ ಅದು. ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರ್ (ಕಪಾಟಿನ ಮೇಲೆ ಇಡೋ ಸೈಜಿನ ಚಿಕ್ಕ ಸ್ಪೀಕರ್) 86 ಡೆಸಿಬಲ್ ಆಸುಪಾಸು ಇರತ್ತೆ ಅಂತ ಇಟ್ಕೊಳ್ಳಿ. ನೀವು ಎರಡು ಮೀಟರ್ ದೂರ ಕೂತ್ರೆ ಬಯಲಲ್ಲಾದ್ರೆ 6 ಡೆಸಿಬಲ್ ಕಡಿಮೆ ಆಗತ್ತೆ (ರೂಮಲ್ಲಿ ಇನ್ನೂ ಕಡಿಮೆ ನಷ್ಟ), ಸ್ಪೀಕರ್ ಎರಡಿರೋದ್ರಿಂದ 3 ವಾಪಸ್ ಬರತ್ತೆ, ಅಲ್ಲಿಗೆ ಒಂದೊಂದಕ್ಕೆ ಬರೀ ಒಂದೇ ವಾಟ್ ಕೊಟ್ರೂ ನಿಮ್ ಕಿವಿ ಹತ್ರ 83 ಡೆಸಿಬಲ್, ಪಕ್ಕದವ್ರ ಜೊತೆ ದನಿ ಏರಿಸಿ ಮಾತಾಡ್ಬೇಕಾದಷ್ಟು ಜೋರು. ವಾಟ್ಸ್ ಡಬಲ್ ಮಾಡಿದ್ರೆ ಏರೋದು 3 ಡೆಸಿಬಲ್ ಮಾತ್ರ, ಕೇಳೋಕೆ ಎರಡು ಪಟ್ಟು ಜೋರು ಅನ್ನಿಸ್ಬೇಕಾದ್ರೆ ಸುಮಾರು 10 ಡೆಸಿಬಲ್, ಅಂದ್ರೆ ಹತ್ತು ಪಟ್ಟು ವಾಟ್ಸ್ ಬೇಕು. ಹಾಗಾಗಿ 50 ವಾಟ್ಸಿನದ್ದು ಬಿಟ್ಟು 100 ವಾಟ್ಸಿನದ್ದು ತಗೊಂಡ್ರೆ ಸಿಗೋದು ವಾಲ್ಯೂಮ್ ಸ್ವಲ್ಪ ತಿರುಗಿಸಿದಷ್ಟು ವ್ಯತ್ಯಾಸ. ನಮ್ಮ ಸಾಮಾನ್ಯ ಹಾಲಿಗೆ ಪ್ರಾಮಾಣಿಕವಾದ 30 ವಾಟ್ಸ್ ಧಾರಾಳ ಸಾಕು.

ಈಗ ಹೆಡ್‌ಫೋನ್. ಮನೇಲಿ ಮಗು ಮಲಗಿದೆ, ಪಿಜಿಲಿ ರೂಮ್‌ಮೇಟ್ ಇದಾನೆ, ಅಪ್ಪಾಜಿ ಟಿವಿಲಿ ನ್ಯೂಸ್ ಹಾಕಿದಾರೆ, ಹೀಗಿದ್ದಾಗ ಸ್ಪೀಕರ್ ಮಾತು ಬಿಟ್ಟು ಹೆಡ್‌ಫೋನಿಗೇ ದುಡ್ಡು ಹಾಕೋದು ಸರಿ, ಅದೂ ಅಲ್ದೆ ಅಷ್ಟೇ ದುಡ್ಡಿಗೆ ಹೆಡ್‌ಫೋನ್ ಕೊಡೋ ಕ್ವಾಲಿಟಿ ಸ್ಪೀಕರ್ ಕೊಡೋಕಾಗಲ್ಲ, ಯಾಕಂದ್ರೆ ರೂಮಿನ ತಾಪತ್ರಯವೇ ಅಲ್ಲಿಲ್ಲ. ಇದರಲ್ಲಿ ಓಪನ್ ಬ್ಯಾಕ್, ಕ್ಲೋಸ್ಡ್ ಬ್ಯಾಕ್ ಅಂತ ಎರಡು ಜಾತಿ. ಓಪನ್ ಬ್ಯಾಕ್‌ನಲ್ಲಿ ಡ್ರೈವರಿನ ಹಿಂಭಾಗ ಜಾಲರಿ, ಸೌಂಡ್ ಹೊರಗೂ ಹೋಗತ್ತೆ ಹೊರಗಿನ ಫ್ಯಾನ್ ಸದ್ದೂ ಒಳಗೆ ಬರತ್ತೆ, ಆದ್ರೆ ಹಾಡು ತಲೆಯೊಳಗೆ ಗುಂಯ್ ಅನ್ನದೆ ಸುತ್ತ ಬಿಚ್ಚಿಕೊಂಡ ಹಾಗಿರತ್ತೆ, ಗಂಟೆಗಟ್ಟಲೆ ಹಾಕ್ಕೊಂಡ್ರೂ ಕಿವಿ ಬೆವರಲ್ಲ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಈ ಜಾತೀದು, ಇವತ್ತಿಗೂ ಜನ ಬೇರೆ ಹೆಡ್‌ಫೋನ್‌ಗಳನ್ನ ಅದಕ್ಕೆ ಹೋಲಿಸಿ ಮಾತಾಡ್ತಾರೆ. ಕ್ಲೋಸ್ಡ್ ಬ್ಯಾಕ್ ಆಫೀಸಿಗೆ, ರೆಕಾರ್ಡಿಂಗಿಗೆ, ಪಕ್ಕದಲ್ಲಿ ಯಾರಾದ್ರೂ ಇರೋ ಕಡೆ.

ಓಮ್ ಲೆಕ್ಕ ಇಲ್ಲಿ ಮುಖ್ಯ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ ಅನ್ನೋ ಒಂದೇ ಹೆಡ್‌ಫೋನ್ 32, 80, 250 ಓಮ್‌ಗಳಲ್ಲಿ ಬೇರೆ ಬೇರೆಯಾಗಿ ಮಾರಾಟ ಆಗಿದೆ, ನೋಡೋಕೆ ಹೆಚ್ಚುಕಡಿಮೆ ಒಂದೇ ಥರ. 250 ಓಮ್‌ದು ಜಾಸ್ತಿ ನಂಬರ್ ಅಂತ ಆರ್ಡರ್ ಮಾಡಿ ಫೋನಿಗೆ ಚುಚ್ಚಿದ್ರೆ ವಾಲ್ಯೂಮ್ ಪೂರ್ತಿ ಇಟ್ರೂ ಹಾಡು ದೂರದಲ್ಲೆಲ್ಲೋ ಕೇಳಿಸಿದ ಹಾಗಿರತ್ತೆ, ಯಾಕಂದ್ರೆ ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಕೊಡೋಕೆ ಫೋನಿಗಾಗಲ್ಲ. ಫೋನು ಲ್ಯಾಪ್‌ಟಾಪಿಗೆ ನೇರ ಹಾಕೋದಾದ್ರೆ 32 ಓಮ್ ಆಸುಪಾಸಿನದ್ದೇ ನೋಡಿ, ಜಾಸ್ತಿ ಓಮ್ ಬೇಕೇಬೇಕು ಅಂದ್ರೆ ಜೊತೆಗೊಂದು ಹೆಡ್‌ಫೋನ್ ಆಂಪ್ಲಿಫಯರಿಗೂ ದುಡ್ಡು ಎತ್ತಿಡಿ. ಫೋನಲ್ಲಿ ಜ್ಯಾಕೇ ಇಲ್ಲ ಅಂದ್ರೆ ಯುಎಸ್‌ಬಿ-ಸಿ ಡಾಂಗಲ್ ಬರತ್ತಲ್ಲ, ಆ ಪುಟ್ಟ ವೈರಿನ ತುದೀಲೇ ಡಿಎಸಿ ಇರತ್ತೆ, ಆಪಲ್‌ನವರ ಡಾಂಗಲ್ ಥರದ್ದು ಅಳತೇಲಿ ತುಂಬಾ ಚೆನ್ನಾಗಿರೋದು ಎಲ್ರಿಗೂ ಗೊತ್ತಿರೋ ವಿಷ್ಯ. ಸಾವಿರಾರು ರೂಪಾಯಿ ಬೇರೆ ಡಿಎಸಿಗೆ ಹಾಕೋ ಮೊದ್ಲು ಇದನ್ನೊಮ್ಮೆ ಕೇಳಿ ನೋಡಿ.

ಕಿವಿಯೊಳಗೆ ಹಾಕೋ ಇಯರ್‌ಫೋನಿನಲ್ಲಿ ಅರ್ಧ ಸೌಂಡ್ ಇರೋದೇ ರಬ್ಬರ್ ಟಿಪ್ಪಿನಲ್ಲಿ. ಬೇಸ್ ಇಲ್ಲ, ಪೀಚುಪೀಚಾಗಿದೆ ಅಂತ ರಿಟರ್ನ್ ಮಾಡೋ ಎಷ್ಟೋ ಇಯರ್‌ಫೋನ್ ನಿಜಕ್ಕೂ ಸರಿಯಾಗೇ ಇರತ್ತೆ, ಟಿಪ್ಪು ಕಿವಿಗೆ ಸೀಲ್ ಆಗಿರಲ್ಲ ಅಷ್ಟೇ. ಹಾಡು ಹಾಕಿ ಬೆರಳಲ್ಲಿ ಮೆಲ್ಲಗೆ ಒಳಗೆ ಒತ್ತಿ ನೋಡಿ, ಒತ್ತಿದ ತಕ್ಷಣ ಬೇಸ್ ಧುಮ್ ಅಂತ ಬಂದ್ರೆ ನಿಮಗೆ ಬೇಕಿರೋದು ಒಂದು ಸೈಜ್ ದೊಡ್ಡ ಟಿಪ್. ಎಡಕಿವಿ ಬಲಕಿವಿಗೆ ಬೇರೆ ಬೇರೆ ಸೈಜ್ ಬೇಕಾಗೋದೂ ಉಂಟು. ವೈರ್ ಇಲ್ಲದ ಇಯರ್‌ಬಡ್ಸ್ ಅನುಕೂಲ ನಿಜ, ಆದ್ರೆ ಅದರೊಳಗಿನ ಪುಟಾಣಿ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗತ್ತೆ, ಬದಲಾಯಿಸೋಕೂ ಬರಲ್ಲ, ಅದೇ ವೈರಿನ ಇಯರ್‌ಫೋನು ವೈರ್ ಬಿಚ್ಚೋ ಥರದ್ದಾದ್ರೆ ವೈರ್ ಹಾಳಾದಾಗ ಬರೀ ವೈರ್ ತಗೊಂಡ್ರಾಯ್ತು. ನಾಯ್ಸ್ ಕ್ಯಾನ್ಸಲಿಂಗ್ ಅನ್ನೋದು ಬಸ್ ಇಂಜಿನ್ನು, ವಿಮಾನ, ಎಸಿ ಥರದ ಒಂದೇ ಸಮ ಇರೋ ಕೆಳದನಿ ಸದ್ದನ್ನ ಚೆನ್ನಾಗಿ ತಗ್ಗಿಸತ್ತೆ, ಕುಕ್ಕರ್ ವಿಷಲ್ಲು, ಮಗು ಅಳೋದು ಇಂಥ ಚೂಪು ಸದ್ದಿಗೆ ಅದರ ಕೈಲಿ ಅಷ್ಟಾಗಲ್ಲ, ಅಲ್ಲಿ ಕೆಲಸ ಮಾಡೋದು ಮತ್ತೆ ಟಿಪ್ಪಿನ ಸೀಲೇ.

ಬ್ಲೂಟೂತ್ 5.3 ಅಂತ ಬರ್ದಿದೆ ಅಂದ ಮಾತ್ರಕ್ಕೆ ಹಾಡು ಚೆನ್ನಾಗಿ ಕೇಳ್ಸಲ್ಲ, ಸೌಂಡಿಗೆ ಸಂಬಂಧಪಟ್ಟಿದ್ದು ಕೋಡೆಕ್, ಅಂದ್ರೆ ಹಾಡನ್ನ ಕುಗ್ಗಿಸಿ ಕಳ್ಸೋ ವಿಧಾನ, ಎಎಸಿ, ಎಲ್‌ಡಿಎಸಿ, ಎಸ್‌ಬಿಸಿ ಎಲ್ಲಾ ಅದರ ಹೆಸರುಗಳು. ಐಫೋನ್ ಇದ್ರೆ ಎಎಸಿ ಸಾಕು, ಎಲ್‌ಡಿಎಸಿ ಅಂತ ಜಾಸ್ತಿ ದುಡ್ಡು ಕೊಟ್ರೂ ಐಫೋನ್ ಅದನ್ನ ಬಳಸೋದೇ ಇಲ್ಲ. ಆಂಡ್ರಾಯ್ಡಲ್ಲಿ ಎಲ್‌ಡಿಎಸಿ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹೋಗತ್ತೆ, ಸಿಡಿಯಲ್ಲಿರೋದು 1411. ಆದ್ರೆ ಸಾಧಾರಣ ಎಸ್‌ಬಿಸಿಗೂ ಇದಕ್ಕೂ ಇರೋ ವ್ಯತ್ಯಾಸಕ್ಕಿಂತ ಒಂದು ಇಯರ್‌ಫೋನಿಗೂ ಇನ್ನೊಂದಕ್ಕೂ ಇರೋ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು.

ಸ್ಪೀಕರ್ ಕಡೆ ಬರೋಣ. ಇಬ್ಬರು ಮೂವರು ಕೂತು ಕೇಳೋ ಮನೆ, ಅಡುಗೆ ಮಾಡ್ತಾ ಬೆಳಿಗ್ಗೆ ಹಾಡು ಬೇಕು ಅನ್ನೋ ಮನೆ, ಅಲ್ಲಿ ಎಷ್ಟು ಒಳ್ಳೆ ಹೆಡ್‌ಫೋನ್ ಇದ್ರೂ ಉಪಯೋಗ ಇಲ್ಲ. ಚಿಕ್ಕ ಸ್ಟೀರಿಯೋಗೆ ಮೂರು ದಾರಿ ಇವೆ. ಒಂದು, ಪವರ್ಡ್ ಸ್ಪೀಕರ್, ಆಂಪ್ಲಿಫಯರ್ ಒಳಗೇ ಇರತ್ತೆ, ಎಡಿಫೈಯರ್‌ನವರ ಆರ್1280ಟಿ ಥರದ್ದು, ನಾಲ್ಕಿಂಚು ವೂಫರು (ಕೆಳದನಿ ಕೊಡೋ ದೊಡ್ಡ ಕೋನ್), ಒಟ್ಟು 42 ವಾಟ್ಸ್, ಟೇಬಲ್ ಮೇಲೋ ಚಿಕ್ಕ ರೂಮಲ್ಲೋ ಇಟ್ಕೊಂಡು ಕೇಳೋರಿಗೆ ಹೇಳಿ ಮಾಡಿಸಿದ್ದು. ಎರಡು, ಮೈಕ್ರೋ ಸಿಸ್ಟಮ್, ಸಿಡಿ, ರೇಡಿಯೋ, ಬ್ಲೂಟೂತ್, ಆಂಪ್ಲಿಫಯರ್ ಎಲ್ಲಾ ಒಂದೇ ಪುಟ್ಟ ಪೆಟ್ಟಿಗೇಲಿ, ಜೊತೆಗೆ ಬಿಡಿ ಎರಡು ಸ್ಪೀಕರ್, ಡೆನಾನ್ ಡಿ-ಎಂ41 ಹೀಗಿರೋದು. ಮನೇಲಿ ಹಳೇ ಸಿಡಿ ರಾಶಿ ಇರೋರಿಗೆ, ಒಂದೇ ರಿಮೋಟಲ್ಲಿ ಎಲ್ಲಾ ಮುಗೀಬೇಕು ಅನ್ನೋ ಹಿರಿಯರಿಗೆ ಇದರಷ್ಟು ಸಲೀಸಾದ್ದು ಇನ್ನೊಂದಿಲ್ಲ. ಮೂರು, ಬೇರೆ ಆಂಪ್ಲಿಫಯರ್, ಬೇರೆ ಬುಕ್‌ಶೆಲ್ಫ್ ಸ್ಪೀಕರ್. ನನಗೆ ಇಷ್ಟ ಆಗೋದು ಈ ಮೂರನೇದು, ಯಾಕಂದ್ರೆ ಪವರ್ಡ್ ಸ್ಪೀಕರಿನ ಬೋರ್ಡ್ ಸುಟ್ರೆ ಸ್ಪೀಕರ್ ಚೆನ್ನಾಗಿದ್ರೂ ಜೋಡಿ ಪೂರ್ತಿ ಮೂಲೆಗೆ ಹೋಗತ್ತೆ, ಇಲ್ಲಿ ಆಂಪ್ಲಿಫಯರ್ ಹೋದ್ರೆ ಅದೊಂದನ್ನ ಬದಲಾಯಿಸಿದ್ರಾಯ್ತು, ಒಳ್ಳೆ ಸ್ಪೀಕರ್ ಇಪ್ಪತ್ತು ವರ್ಷನೂ ಬಾಳತ್ತೆ. ಕರೆಂಟ್ ಏರುಪೇರು ಇರೋ ಊರಲ್ಲಿ, ಮಲೆನಾಡಲ್ಲಿ ಏಪ್ರಿಲ್ ಮೇ ತಿಂಗಳ ಗುಡುಗು ಮಿಂಚಿನಲ್ಲಿ ಇದು ಸಣ್ಣ ವಿಷ್ಯ ಅಲ್ಲ, ಅಂಥ ದಿನ ಪ್ಲಗ್ ಕಿತ್ತಿಡೋದೇ ಸರಿಯಾದ ರಕ್ಷಣೆ. ಬಜೆಟ್ 25 ಸಾವಿರ ಅಂತಿದ್ರೆ 16, 17 ಸಾವಿರ ಸ್ಪೀಕರಿಗೇ ಇಡಿ, ಉಳಿದದ್ರಲ್ಲಿ ಒಂದು ಕ್ಲಾಸ್ ಡಿ (ಪುಟ್ಟದಾಗಿದ್ದು ಕಡಿಮೆ ಬಿಸಿಯಾಗೋ ಥರದ) ಆಂಪ್ಲಿಫಯರ್ ಬರತ್ತೆ. ಹೊರದೇಶದ ಹೆಸರುಗಳನ್ನಷ್ಟೇ ನೋಡ್ಬೇಡಿ, ಕೋಲ್ಕತ್ತದ ಸೋನೋಡೈನ್ 1970ರಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೆ.

ಸಬ್‌ವೂಫರ್, ಅಂದ್ರೆ ತೀರಾ ಕೆಳದನಿಗೆ ಅಂತಲೇ ಇರೋ ಸ್ಪೀಕರ್ ಬೇಕಾ ಅಂತ ಎಲ್ರೂ ಕೇಳ್ತಾರೆ. ನೀವು ಏನು ಕೇಳ್ತೀರ ಅನ್ನೋದನ್ನ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ, ಕಡಿಮೆ ಇದ್ದಷ್ಟೂ ಕೆಳದನಿ) ಲೆಕ್ಕದಲ್ಲಿ ಇಟ್ಟು ನೋಡಿ. ಸಿ ಶ್ರುತೀಲಿ ಹಾಡೋ ಗಂಡಸರ ತಂಬೂರಿ ತಗೊಳ್ಳಿ, ನಡುವಿನ ಎರಡು ತಂತಿ 130 ಹರ್ಟ್ಸ್, ಕೊನೇ ಮಂದ್ರ ಷಡ್ಜದ ತಂತಿ 65 ಹರ್ಟ್ಸ್. ಐದಿಂಚು ವೂಫರಿನ ಒಳ್ಳೆ ಬುಕ್‌ಶೆಲ್ಫ್ 55, 60 ಹರ್ಟ್ಸ್‌ವರೆಗೆ ಆರಾಮಾಗಿ ಇಳಿಯತ್ತೆ, ಅಂದ್ರೆ ಇಡೀ ಕಚೇರಿ ಆ ಪುಟ್ಟ ಪೆಟ್ಟಿಗೇಲೇ ಹಿಡಿಸತ್ತೆ. ಶಾಸ್ತ್ರೀಯ ಸಂಗೀತ, ಭಾವಗೀತೆ, ಹಳೇ ಸಿನಿಮಾ ಹಾಡು ಇಷ್ಟೇ ಕೇಳೋರು ಸಬ್‌ವೂಫರಿನ ದುಡ್ಡನ್ನ ಸ್ಪೀಕರಿಗೇ ಸೇರಿಸಿ. ಈಗಿನ ಸಿನಿಮಾ ಹಾಡು, ಇಲೆಕ್ಟ್ರಾನಿಕ್ ಬೀಟ್, ಆ್ಯಕ್ಷನ್ ಸಿನಿಮಾ ಇವುಗಳಲ್ಲಿ 40 ಹರ್ಟ್ಸ್‌ಗಿಂತ ಕೆಳಗೂ ಸದ್ದಿರತ್ತೆ, ಅದು ಬೇಕಂದ್ರೆ ಸಬ್‌ವೂಫರ್ ಬೇಕು, ಅಪಾರ್ಟ್‌ಮೆಂಟಾದ್ರೆ ಕೆಳಗಿನ ಮನೆಯವ್ರಿಗೆ ಆ ಸದ್ದು ನಿಮಗಿಂತ ಚೆನ್ನಾಗಿ ತಲುಪತ್ತೆ ಅನ್ನೋದೂ ನೆನಪಿರ್ಲಿ. ಸೌಂಡ್‌ಬಾರ್ ಟಿವಿ ಡೈಲಾಗಿಗೆ ಒಳ್ಳೇದು, ಆದ್ರೆ ಎಡ ಬಲ ಎರಡೂ ಒಂದೇ ಕೋಲಿನೊಳಗೆ ಇರೋದ್ರಿಂದ ವೀಣೆ ಒಂದ್ಕಡೆ ಮೃದಂಗ ಇನ್ನೊಂದ್ಕಡೆ ಅಂತ ಬಿಡಿಸಿ ಕೂರಿಸೋ ಶಕ್ತಿ ಅದಕ್ಕೆ ಕಡಿಮೆ.

ಇನ್ನು ರೂಮ್. ನಮ್ ಮನೆಗಳು ಹೇಗಿರ್ತವೆ, ಕೆಳಗೆ ವಿಟ್ರಿಫೈಡ್ ಟೈಲ್ಸೋ ಗ್ರಾನೈಟೋ, ಸುತ್ತ ಪ್ಲಾಸ್ಟರ್ ಗೋಡೆ, ಮೇಲೆ ಕಾಂಕ್ರೀಟ್, ಬಚ್ಚಲುಮನೇಲಿ ಹಾಡಿದಾಗ ದನಿ ಗುಂಯ್‌ಗುಡತ್ತಲ್ಲ ಹಾಗೇ ಇಲ್ಲೂ, ಮಾತು ಸ್ಪಷ್ಟ ಇರಲ್ಲ, ತಾಳದ ಸದ್ದು ಕಿವಿ ಚುಚ್ಚತ್ತೆ, ಜನ ಸ್ಪೀಕರ್ ಸರಿ ಇಲ್ಲ ಅಂದ್ಕೋತಾರೆ. ಕೂರೋ ಜಾಗಕ್ಕೂ ಸ್ಪೀಕರಿಗೂ ಮಧ್ಯ ದಪ್ಪ ಜಮಖಾನ, ಕಿಟಕಿಗೆ ದಪ್ಪ ಕರ್ಟನ್ನು, ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ಬಟ್ಟೆ ಹೊದಿಸಿದ ಸೋಫಾ, ಇಷ್ಟು ಬಂದ್ರೆ ಅದೇ ಸ್ಪೀಕರ್ ಬೇರೆ ಸ್ಪೀಕರಾಗತ್ತೆ. ಬೇಸ್ ಮಾತ್ರ ಜಮಖಾನಕ್ಕೆ ಬಗ್ಗಲ್ಲ. ಎರಡು ಗೋಡೆ ಮಧ್ಯದ ಅಂತರದ ಎರಡರಷ್ಟು ಉದ್ದ ಇರೋ ಅಲೆ ಅಲ್ಲೇ ನಿಂತು ಮೊಳಗತ್ತೆ, ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್ ಇಟ್ಕೊಂಡು ಲೆಕ್ಕ ಹಾಕಿದ್ರೆ 12 ಅಡಿಗೆ 47 ಹರ್ಟ್ಸ್, 10 ಅಡಿಗೆ 56 ಹರ್ಟ್ಸ್. ನಮ್ಮ 10ಕ್ಕೆ 12ರ ರೂಮಲ್ಲಿ ಸೂರಿನ ಎತ್ತರನೂ ಎಷ್ಟೋ ಕಡೆ 10 ಅಡಿನೇ, ಹಾಗಾಗಿ ಅಗಲ ಎತ್ತರ ಎರಡೂ ಸೇರಿ ಅದೇ 56 ಹರ್ಟ್ಸನ್ನ ಎತ್ತಿ ಕೊಡ್ತವೆ, ಹಾಡಿನಲ್ಲಿ ಒಂದೇ ಒಂದು ಬೇಸ್ ಸ್ವರ ಮಾತ್ರ ಊದಿಕೊಂಡು ಉಳಿದಿದ್ದೆಲ್ಲಾ ಸಾಧಾರಣ ಕೇಳ್ಸೋದು ಇದಕ್ಕೇ. ಸ್ಪೀಕರ್ ಮೂಲೇಲಿಟ್ರೆ ಇದು ಇನ್ನೂ ಜೋರಾಗತ್ತೆ, ಗೋಡೆಯಿಂದ ಒಂದಡಿ ಒಂದೂವರೆ ಅಡಿ ಈಚೆ ತಂದ್ರೆ ಇಳಿಯತ್ತೆ, ನೀವು ಕೂರೋ ಸೋಫಾನೂ ಹಿಂದಿನ ಗೋಡೆಗೆ ಅಂಟಿದ್ರೆ ಸ್ವಲ್ಪ ಮುಂದೆ ಎಳೀರಿ.

ನಮ್ಮಲ್ಲಿ ಅತಿ ಸಾಮಾನ್ಯವಾಗಿ ಆಗೋದು ಸ್ಪೀಕರನ್ನ ಶೋಕೇಸಿನೊಳಗೆ ತೂರಿಸೋದು, ಮೇಲೆ ಗೊಂಬೆ, ಪಕ್ಕದಲ್ಲಿ ಫೋಟೋ ಫ್ರೇಮು, ಮುಂದೆ ಗಾಜಿನ ಬಾಗಿಲು. ಆ ಮರದ ಗೂಡೇ ಇನ್ನೊಂದು ಪೆಟ್ಟಿಗೆಯಾಗಿ ಮೊಳಗತ್ತೆ, ಹಾಡುಗಾರರ ದನಿ ಮಡಕೆಯೊಳಗಿಂದ ಬಂದ ಥರ ಆಗತ್ತೆ. ಶೋಕೇಸಲ್ಲೇ ಇಡ್ಬೇಕು ಬೇರೆ ದಾರಿ ಇಲ್ಲ ಅಂದ್ರೆ ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಬರೋ ಹಾಗೆ ಪೂರ್ತಿ ಮುಂದಕ್ಕೆ ಇಡಿ, ಹಿಂದೆ ತೂತಿರೋ ಸ್ಪೀಕರಾದ್ರೆ ಆ ತೂತಿಗೆ ಸ್ಪಂಜ್ ತುರುಕಿ ನೋಡಿ. ಎರಡು ಸ್ಪೀಕರ್ ಮಧ್ಯದ ದೂರ, ನಿಮಗೂ ಅವಕ್ಕೂ ಇರೋ ದೂರ ಹತ್ತಿರ ಹತ್ತಿರ ಒಂದೇ ಇರ್ಲಿ, ಟ್ವೀಟರ್ (ಮೇಲ್ದನಿ ಕೊಡೋ ಪುಟ್ಟ ಡ್ರೈವರ್) ನೀವು ಕೂತಾಗ ಕಿವಿ ಮಟ್ಟಕ್ಕೆ ಬರ್ಲಿ.

ಅಂಗಡೀಲಿ ಕೇಳಿ ನೋಡುವಾಗ ಅವ್ರ ಡೆಮೋ ಹಾಡು ಬೇಡ, ನಿಮಗೆ ಬಾಯಿಪಾಠ ಆಗಿರೋ ರೆಕಾರ್ಡಿಂಗ್ ಒಯ್ದುಕೊಳ್ಳಿ. ನಾನು ಕಚೇರಿ ಶುರುವಾಗೋ ಮೊದಲಿನ ತಂಬೂರಿಯ ಅರ್ಧ ನಿಮಿಷ ಹಾಕಿ ಕೇಳ್ತೀನಿ. ತಂಬೂರಿಯ ತಂತಿ ಕೂರೋ ಕುದುರೆ ಮೇಲೆ ದಾರ ಇಟ್ಟಿರ್ತಾರಲ್ಲ, ಅದರಿಂದ ತಂತಿಯ ಝೇಂಕಾರದಲ್ಲಿ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆಗೆ ಹುಟ್ಟೋ ಮೇಲ್ದನಿಗಳು) ಒಂದಾದ್ಮೇಲೊಂದು ಬಿಚ್ಚಿಕೊಳ್ತಾ ಹೋಗ್ತವೆ, ಒಳ್ಳೆ ಸ್ಪೀಕರಲ್ಲಿ ಆ ಬಿಚ್ಚಿಕೊಳ್ಳೋದು ಕೇಳತ್ತೆ, ಕೆಟ್ಟ ಟ್ವೀಟರಲ್ಲಿ ಬರೀ ಸುಸ್ಸ್ ಅನ್ನೋ ಒಂದೇ ಸದ್ದು. ಆಮೇಲೆ ಮೃದಂಗದ ತನಿ, ಅಂದ್ರೆ ಮೃದಂಗ ಒಂದೇ ನುಡಿಯೋ ಭಾಗ. ಎಡಮುಖಕ್ಕೆ ರವೆ ಹಚ್ಚಿರೋದ್ರಿಂದ ಅಲ್ಲಿಂದ ಬರೋ ಗುಂಕಿ ಅನ್ನೋ ಕೆಳದನಿ ನಾದಕ್ಕೆ ಏರಿಳಿತ ಇರತ್ತೆ, ಬಲಮುಖದ ಕರಣೆ (ಕಪ್ಪು ಲೇಪ) ಇರೋ ಕಡೆಯಿಂದ ಶ್ರುತಿಗೆ ಸೇರೋ ಚೊಕ್ಕ ನಾದ. ಎಡದ ಏಟೆಲ್ಲಾ ಒಂದೇ ಥರ ದಬ್ ದಬ್ ಅಂತಿದ್ರೆ ಆ ಸ್ಪೀಕರ್ ಬೇಸನ್ನ ಉಬ್ಬಿಸಿ ಮಾರ್ತಿದೆ ಅಂತರ್ಥ.

ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮ ಇರ್ಲೇಬೇಕು, ಒಂದು ಡೆಸಿಬಲ್ ಜೋರಾಗಿರೋದೂ ನಮ್ಮ ಕಿವಿಗೆ ಜಾಸ್ತಿ ಚೆನ್ನಾಗಿದೆ ಅನ್ನಿಸಿಬಿಡತ್ತೆ. ಫೋನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕ್ಕೊಂಡು ಕೂತ ಜಾಗದಿಂದ ಎರಡನ್ನೂ ಒಂದೇ ನಂಬರಿಗೆ ತನ್ನಿ. ಸಾಧ್ಯ ಆದ್ರೆ ಯಾವುದು ಓಡ್ತಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಜೊತೆಗೆ ಬಂದವ್ರ ಕೈಲಿ ಬದಲಾಯಿಸಿ. ಕೆನಡಾದಲ್ಲಿ ಸ್ಪೀಕರ್ ಸಂಶೋಧನೆ ಮಾಡಿ ಆಮೇಲೆ ಹರ್ಮನ್ ಕಂಪನಿ ಸೇರಿದ ಫ್ಲಾಯ್ಡ್ ಟೂಲ್, ಅವರ ಜೊತೆಗಾರ ಶಾನ್ ಆಲಿವ್ ಇಬ್ಬರೂ 1994ರಲ್ಲಿ ಇದನ್ನ ಪರೀಕ್ಷೆ ಮಾಡಿ ತೋರಿಸಿದ್ರು, ಸ್ಪೀಕರ್ ಕಣ್ಣಿಗೆ ಕಾಣ್ತಿದ್ದಾಗ ಜನ ಕೊಡೋ ಮಾರ್ಕ್ಸೇ ಬೇರೆ, ಪರದೆ ಹಿಂದಿಟ್ಟಾಗ ಕೊಡೋ ಮಾರ್ಕ್ಸೇ ಬೇರೆ. ಬ್ರ್ಯಾಂಡು, ಸೈಜು, ರೇಟು ಇವೆಲ್ಲಾ ಕಿವಿಗಿಂತ ಮೊದ್ಲು ಮಾತಾಡಿಬಿಡ್ತವೆ.

ಸೆಕೆಂಡ್ ಹ್ಯಾಂಡ್ ಸ್ಪೀಕರಿಗೆ ನಾನು ಧೈರ್ಯವಾಗಿ ಹೂಂ ಅಂತೀನಿ, ಕಡಿಮೆ ದುಡ್ಡಿಗೆ ಒಳ್ಳೆ ಮಾಲು ಸಿಗೋದು ಅಲ್ಲೇ. ವೂಫರಿನ ಸುತ್ತ ಇರೋ ಅಂಚು ಫೋಮಾ ರಬ್ಬರಾ ನೋಡಿ, ಫೋಮಾದ್ರೆ ವರ್ಷ ಕಳೀತಾ ಪುಡಿಪುಡಿಯಾಗತ್ತೆ, ಮಂಗಳೂರು ಉಡುಪಿ ಕಡೆಯ ಸೆಕೆಗೆ ಇನ್ನೂ ಬೇಗ. ಹರಿದಿಲ್ಲ ಅಂದ್ರೆ ಕೋನಿನ ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒಳಗೆ ತಳ್ಳಿ, ಗರಗರ ಅಂತ ಉಜ್ಜಿದ ಸದ್ದು ಬಂದ್ರೆ ಒಳಗಿನ ಕಾಯಿಲ್ ಕೆಟ್ಟಿದೆ, ಬಿಟ್ಟು ಬನ್ನಿ. ಸ್ಪೀಕರ್ ವೈರಿಗೆ ಅಂತ ವಿಶೇಷ ಕೇಬಲ್ ಬೇಕಿಲ್ಲ, ಎಲೆಕ್ಟ್ರಿಕಲ್ ಅಂಗಡಿಯ 1.5 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈರು ಮೂರು ನಾಲ್ಕು ಮೀಟರಿಗೆ ಧಾರಾಳ ಸಾಕು.

ಕಿವಿ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಮುಖ್ಯವಾಗಿ ಇಯರ್‌ಫೋನ್ ಹಾಕೋ ಮಕ್ಕಳಿರೋ ಮನೆಯವ್ರಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದೊಡ್ಡವ್ರಿಗೆ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75. ಪ್ರತಿ 3 ಡೆಸಿಬಲ್ ಏರಿದ ಹಾಗೆ ಸಮಯ ಅರ್ಧ ಆಗತ್ತೆ, 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಈಗಿನ ಫೋನುಗಳ ಸೆಟ್ಟಿಂಗಲ್ಲಿ ವಾಲ್ಯೂಮ್ ಲಿಮಿಟ್ ಹಾಕೋ ಜಾಗ ಇರತ್ತೆ, ಮಕ್ಕಳ ಫೋನಲ್ಲಿ ಇವತ್ತೇ ಹಾಕಿಡಿ. ಬಸ್ಸಿನ ಗದ್ದಲದಲ್ಲಿ ವಾಲ್ಯೂಮ್ ತಾನಾಗೇ ಏರೋದ್ರಿಂದ ಅಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ನಿಜಕ್ಕೂ ಕಿವಿ ಕಾಯೋ ಕೆಲಸ ಮಾಡತ್ತೆ.

ಎಲ್ಲಾ ಜೋಡಿಸಿದ್ಮೇಲೆ ಪಿ.ಬಿ. ಶ್ರೀನಿವಾಸ್ ಹಾಡಿರೋ ಅರವತ್ತರ ದಶಕದ ಯಾವುದಾದ್ರೂ ಹಳೇ ಹಾಡು ಹಾಕಿ. ಆ ಕಾಲದ ಸಿನಿಮಾ ಹಾಡು ಮೋನೋ, ಅಂದ್ರೆ ಎಡ ಬಲ ಎರಡಕ್ಕೂ ಒಂದೇ ಸದ್ದು, ಹಾಗಾಗಿ ದನಿ ಎರಡು ಸ್ಪೀಕರಿನ ನಟ್ಟನಡುವೆ, ಏನೂ ಇಲ್ಲದ ಜಾಗದಿಂದ ಬರ್ಬೇಕು. ಬದಲಿಗೆ ದನಿ ಎಲ್ಲೂ ನಿಲ್ಲದೆ ಹರಡಿಕೊಂಡು ಬೇಸೂ ತೆಳ್ಳಗಾಗಿದ್ರೆ ಯಾವುದೋ ಒಂದು ಸ್ಪೀಕರಿನ ಹಿಂದೆ ಕೆಂಪು ಕಪ್ಪು ವೈರು ಅದಲುಬದಲಾಗಿದೆ, ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗ್ತಿದೆ. ಆಂಪ್ಲಿಫಯರ್ ಆಫ್ ಮಾಡಿ ಆ ಒಂದು ಸ್ಪೀಕರಿನ ವೈರ್ ಮಾತ್ರ ತಿರುಗಿಸಿ ಹಾಕಿ, ಮತ್ತೆ ಅದೇ ಹಾಡು ಹಾಕಿ ನೋಡಿ.